ಕಚ್ಚಿಕೊಂಡ ಪಿಸ್ಟನ್

ನನ್ನ ಭಾವನನ್ನು ಬೀದಿಯವರು ಕರೆಯುವುದು ‘ನಿಧಾನಪ್ಪ’ ಎಂದು. ಎದುರಿಗೇ ಕರೆಯುತ್ತಾರೆ, ಅವರೂ ಓಗೊಡುತ್ತಾರೆ. ಹಳೆಯ ಮೋಟಾರ್ ಸೈಕಲ್ ರಿಪೇರಿ ಅವರ ಕಸುಬು. ಬೇರೆ ಮೆಕ್ಯಾನಿಕ್‌ಗಳು ಸುತ್ತಿಗೆ ಎತ್ತುವ ಹೊತ್ತಿಗೆ ಇವರು ಸ್ಟೂಲ್ ಎಳೆದುಕೊಂಡು ಗಾಡಿಯ ಮುಂದೆ ಕೂರುತ್ತಾರೆ. ನನಗೆ ಮೈ ಉರಿಯುತ್ತದೆ. ನಾನು ಬಟ್ಟೆ ಹೊಲಿಯುವವಳು. ಹೊಲಿಗೆ ತಪ್ಪಿದರೆ ಸರ್ರನೆ ಬಿಚ್ಚಿ ಮತ್ತೆ ಹೊಲಿಯುವ ಜಾಯಮಾನ ನನ್ನದು. ನನ್ನ ಹೊಲಿಗೆ ಕೋಣೆಗೂ ಅವರ ಅಂಗಡಿಗೂ ನಡುವೆ ಒಂದು ಕಿಟಕಿ ಮಾತ್ರ ಇರುವುದರಿಂದ ಆ ನಿಧಾನವನ್ನೆಲ್ಲ ನಾನು ದಿನಾ ನೋಡಲೇಬೇಕು.

ಅವರ ಹೆಂಡತಿ ನನ್ನ ಅಕ್ಕ. ಬಿಡಿಭಾಗ ತರುವುದು, ಎಣ್ಣೆ ಬಟ್ಟೆ ಒಗೆಯುವುದು, ಗಿರಾಕಿಗಳ ಹತ್ತಿರ ಜಗಳವಾಡುವುದು ಎಲ್ಲ ಅವಳ ಪಾಲು. ಹೊಟ್ಟೆಯಲ್ಲಿ ಏನನ್ನೂ ಇಟ್ಟುಕೊಳ್ಳದವಳು. ಅಂಥವಳು ಒಂದು ಮಾತನ್ನು ತಿಂಗಳುಗಟ್ಟಲೆ ಬಚ್ಚಿಟ್ಟುಕೊಂಡಳು. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಚಳಿಗಾಲದಲ್ಲಿ ಒಬ್ಬ ನರ್ಸಮ್ಮನ ಗಾಡಿ ರಿಪೇರಿಯಾಗಿ ಬಾಗಿಲಲ್ಲಿ ನಿಂತಿತ್ತು. ಅಕ್ಕ ಒರೆಸಲು ಹೋದಾಗ ಬ್ರೇಕಿನ ನಟ್ಟು ಅವಳ ಬೆರಳಿಗೇ ತಿರುಗಿತು. ಭಾವ ಬಿಗಿ ಮಾಡುವುದನ್ನೇ ಮರೆತಿದ್ದರು. ಅಕ್ಕ ತಾನೇ ಸ್ಪ್ಯಾನರ್ ಹಿಡಿದು ಬಿಗಿ ಮಾಡಿ, ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು.

“ಅವರಿಗೆ ಹೇಳ್ಬೇಡ ಕಣೆ. ಮಾವನೋರಿಗೂ ಹೀಗೇ ಶುರುವಾಗಿದ್ದು. ಕೊನೆಗೆ ಮಗನನ್ನೇ ‘ನೀನ್ಯಾರಪ್ಪ’ ಅಂದ್ರು. ಅದನ್ನ ನೆನೆಸ್ಕೊಂಡ್ರೆ ಇವರು ಇವತ್ತಿಗೂ ಊಟ ಬಿಟ್ಟು ಏಳ್ತಾರೆ.”

ಅಂದಿನಿಂದ ಭಾವ ಸ್ನಾನಕ್ಕೋ ನಿದ್ದೆಗೋ ಹೋದರೆ ಸಾಕು, ಅಕ್ಕ ಅಂಗಡಿಗೆ ಇಳಿಯುತ್ತಿದ್ದಳು. ಅವರು ಮುಟ್ಟಿದ್ದನ್ನೆಲ್ಲ ಮತ್ತೊಮ್ಮೆ ಮುಟ್ಟಿ ನೋಡುತ್ತಿದ್ದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂದರೆ ಏನೆಂದು ನಾನು ಆಗಲೇ ಕಂಡದ್ದು. ಮತ್ತೆ ಯಾವ ನಟ್ಟೂ ಸಡಿಲ ಸಿಗಲಿಲ್ಲ. ಆದರೂ ಅವಳ ಹೆದರಿಕೆ ಇಳಿಯಲಿಲ್ಲ.

ಹೀಗಿರುವಾಗ ಹಾಲಿನವನು ತನ್ನ ಅಪ್ಪನ ಕಾಲದ ಮೋಟಾರ್ ಸೈಕಲ್ ತಳ್ಳಿಕೊಂಡು ಬಂದ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಬಿದ್ದಿದ್ದ ಗಾಡಿ. ಕಿಕ್ಕರ್ ಜಪ್ಪಯ್ಯ ಅಂದರೂ ಕೆಳಗೆ ಇಳಿಯದು. ಭಾವ ಯಥಾಪ್ರಕಾರ ಸ್ಟೂಲ್ ಎಳೆದುಕೊಂಡರು. ಗೇರ್ ಬಿಡಿಸಿ ಹಿಂದಿನ ಚಕ್ರ ತಿರುಗಿಸಿದರು. ಅದು ಸಲೀಸಾಗಿ ತಿರುಗಿತು. ಪ್ಲಗ್ ಬಿಚ್ಚಿ ಕಿಕ್ಕರ್ ಒತ್ತಿದರು. ಆಗಲೂ ಕಲ್ಲಿನ ಹಾಗೆ ನಿಂತಿತ್ತು. ಪ್ಲಗ್ ತೂತಿನಿಂದ ಒಳಗೆ ಬೆಳಕು ಬಿಟ್ಟು ನೋಡಿದರೆ ಸಿಲಿಂಡರಿನ ಗೋಡೆಯೆಲ್ಲ ಕೆಂಪು ತುಕ್ಕು.

“ಪಿಸ್ಟನ್ ಕಚ್ಕೊಂಡಿದೆ,” ಅಂದರು.

“ಎರಡು ಏಟು ಹಾಕಿ, ಬಿಡುತ್ತೆ,” ಅಂದ ಹಾಲಿನವನು.

“ನಿನಗೆ ಹೊಟ್ಟೆ ಕಟ್ಕೊಂಡ್ರೆ ಬೆನ್ನಿಗೆ ಗುದ್ದಿಸ್ಕೋತೀಯೇನಯ್ಯಾ?”

ಅಕ್ಕ ನಕ್ಕಳು, ನಾನೂ ನಕ್ಕೆ. ಬಹಳ ದಿನದ ಮೇಲೆ ಆ ಅಂಗಡಿಯಲ್ಲಿ ನಗು ಕೇಳಿತ್ತು.

ದಿನಾ ಬೆಳಿಗ್ಗೆ ಪ್ಲಗ್ ತೂತಿನಿಂದ ಎಣ್ಣೆಗೆ ಡೀಸೆಲ್ ಬೆರೆಸಿ ಹೊಯ್ಯುವುದು, ಧೂಳು ಬೀಳದಂತೆ ಪ್ಲಗ್ಗನ್ನು ಕೈಯಲ್ಲೇ ತಿರುಗಿಸಿ ಮುಚ್ಚುವುದು, ಸಂಜೆ ಪ್ಲಗ್ ತೆಗೆದು, ಗಾಡಿಯನ್ನು ಮೇಲಿನ ಗೇರಿಗೆ ಹಾಕಿ, ಪಿಸ್ಟನ್ ಸಡಿಲವಾಗಲೆಂದು ಹಿಂದಿನ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸುವುದು. ಇಷ್ಟೇ ಔಷಧಿ. ಹಠ ಹಿಡಿದು ಕುಳಿತ ಮಗುವನ್ನು ಪುಸಲಾಯಿಸಿದಂತೆ ಅದರ ಜೊತೆ ಮಾತಾಡುತ್ತಿದ್ದರು. ಕೊನೆಗೆ ಒಂದು ಸಂಜೆ ಚಕ್ರ ಕೂದಲೆಳೆಯಷ್ಟು ಜರುಗಿತು. ಆಮೇಲೆ ಇನ್ನಷ್ಟು, ಆಮೇಲೆ ಒಂದು ಸುತ್ತು ಪೂರ್ತಿ. ಭಾವ ನಮ್ಮಿಬ್ಬರನ್ನೂ ಕೂಗಿ ಕರೆದು ತೋರಿಸಿದರು. “ಇನ್ನೂ ಒಂದೆರಡು ದಿನ ನೆನೀಲಿ,” ಅಂದರು.

ಮರುದಿನ ಬೆಳಿಗ್ಗೆ ಅವರ ಮನಸ್ಸು ಬದಲಾಯಿತು. ಚಕ್ರ ಅಷ್ಟು ಸಲೀಸಾಗಿ ತಿರುಗುತ್ತಿತ್ತಲ್ಲ! ಪ್ಲಗ್ ತೂತಿಗೆ ಹಳೇ ಬಟ್ಟೆ ಹಿಡಿದು, ಕಿಕ್ಕರ್ ಒದ್ದು, ಒಳಗಿದ್ದ ಎಣ್ಣೆಯನ್ನೆಲ್ಲ ಹೊರಗೆ ಉಗುಳಿಸಿ, ಪ್ಲಗ್ ಮುಚ್ಚಿ, ಹಾಲಿನವನನ್ನು ಕರೆತರಲು ತಾವೇ ಹೊರಟರು. ನಾವಿಬ್ಬರೂ ಆಗ ಹಿತ್ತಲಲ್ಲಿದ್ದೆವು, ಇದೆಲ್ಲ ತಿಳಿದದ್ದು ಆಮೇಲೆ.

ಅಕ್ಕ ಒಳಗೆ ಬಂದವಳೇ ಎಂದಿನಂತೆ ಪ್ಲಗ್ ಬಿಚ್ಚಿ ಟಾರ್ಚ್ ಹಿಡಿದಳು. ಒಳಗೆ ಎಣ್ಣೆಯಿಲ್ಲ.

“ಇವತ್ತು ಹಾಕೋದನ್ನೇ ಮರೆತುಬಿಟ್ಟಿದಾರೆ ನೋಡೇ,” ಎಂದು ಕಿಟಕಿಯಲ್ಲಿದ್ದ ನನ್ನ ಕಡೆ ತಿರುಗಿ ಹೇಳಿದಳು.

ಎಣ್ಣೆಯ ಬಾಟಲಿ ಬಗ್ಗಿಸಿದಳು. ಪ್ಲಗ್ಗನ್ನು ಸ್ಪ್ಯಾನರಿನಿಂದ ಬಿಗಿ ಮಾಡಿದಳು. ಎಣ್ಣೆ ಕುಡಿದು ಬಿದ್ದಿದ್ದ ಹಳೇ ಬಟ್ಟೆಯನ್ನು ಕಸದ ಜೊತೆ ಗುಡಿಸಿ ಬೀದಿ ಕೊನೆಯ ತೊಟ್ಟಿಗೆ ಹಾಕಿ ಬಂದಳು.

ಭಾವ ಹಾಲಿನವನ ಜೊತೆ ಬಂದರು. ಅಂಗಿ ತೋಳು ಮಡಿಚಿ, ಪೆಟ್ರೋಲ್ ಬಿಟ್ಟು, ಕಿಕ್ಕರ್ ಮೇಲೆ ಮೈಭಾರವೆಲ್ಲ ಹಾಕಿ ಒದ್ದರು. ಅದು ಗೋಡೆಗೆ ಒದ್ದಂತಾಯಿತು. ಮೊಣಕಾಲು ಹಿಡಿದುಕೊಂಡು ಅಲ್ಲೇ ಕುಸಿದರು.

“ಮತ್ತೆ ಕಚ್ಕೊಳ್ತಾ?” ಅಂದ ಹಾಲಿನವನು.

ಭಾವ ಕುಂಟುತ್ತ ಎದ್ದು ಪ್ಲಗ್ ಬಿಚ್ಚಿದರು. ಎಣ್ಣೆ ತೂತಿನ ಬಾಯಿಯವರೆಗೂ ನಿಂತಿತ್ತು. ಅಷ್ಟು ಎಣ್ಣೆ ತಲೆಯ ಮೇಲಿದ್ದರೆ ಯಾವ ಪಿಸ್ಟನ್ನೂ ಮೇಲೇರದು. ಅವರು ಅದರೊಳಗೆ ಬೆರಳು ಅದ್ದಿ, ಆ ಬೆರಳನ್ನೇ ನೋಡುತ್ತ ನಿಂತರು.

“ಬೆಳಿಗ್ಗೆ ಇದನ್ನ ಖಾಲಿ ಮಾಡಿದ್ದೆ,” ಅಂದರು. ಆಮೇಲೆ ತಮ್ಮನ್ನೇ ಕೇಳಿಕೊಂಡರು: “ಮಾಡಿದ್ನಾ?”

ನೆಲದಲ್ಲೆಲ್ಲ ಆ ಹಳೇ ಬಟ್ಟೆಗಾಗಿ ಹುಡುಕಿದರು. ಸ್ಟೂಲ್ ಎತ್ತಿ ನೋಡಿದರು, ಡಬ್ಬಗಳ ಹಿಂದೆ ನೋಡಿದರು. ಎಲ್ಲಿಯೂ ಇರಲಿಲ್ಲ.

“ವಯಸ್ಸಾಯ್ತು ಬಿಡಿ ನಿಧಾನಪ್ಪ,” ಎಂದು ಹಾಲಿನವನು ನಕ್ಕ. ಆ ನಗುವಿಗೆ ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು ನನಗೆ.

ಭಾವ ನಗಲಿಲ್ಲ. “ನಮ್ಮಪ್ಪನಿಗೂ ಹೀಗೇ ಆಗಿತ್ತು. ಮಾಡಿದ್ದೀನಿ ಅಂತ ಆಣೆ ಹಾಕೋನು, ಮಾಡಿರ್ತಿರಲಿಲ್ಲ. ಗಾಡಿ ಬೇರೆ ಕಡೆ ತಗೊಂಡು ಹೋಗಯ್ಯ. ನಾನಿನ್ನು ಯಾರ ಗಾಡೀನೂ ಮುಟ್ಟಲ್ಲ.”

ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕತೊಡಗಿದರು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಬಾಯಿ ಬಿಟ್ಟರೆ ಇಷ್ಟು ದಿನ ಬೆನ್ನ ಹಿಂದೆ ನಿಂತು ಕಾದದ್ದೆಲ್ಲ ಬಯಲಾಗುತ್ತದೆ. ಬಿಡದಿದ್ದರೆ ಈ ಮನುಷ್ಯ ತನಗೆ ತಲೆ ಕೆಟ್ಟಿತೆಂದು ನಂಬಿ ಮೂಲೆ ಹಿಡಿಯುತ್ತಾನೆ.

“ನಾನೇ ಹಾಕಿದ್ದು,” ಅಂದಳು ಅಕ್ಕ.

ಭಾವ ತಲೆ ಎತ್ತಲಿಲ್ಲ. “ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ.”

“ಸುಳ್ಳಲ್ಲ. ಖಾಲಿ ಇತ್ತು. ನೀವು ಮರೆತಿದೀರಿ ಅಂದ್ಕೊಂಡು ಹಾಕ್ದೆ. ನಿಮ್ಮ ಬಟ್ಟೇನೂ ನಾನೇ ಎಸೆದೆ.”

“ನಾನು ಮುಚ್ಚಿದ ಪ್ಲಗ್ ನೀನ್ಯಾಕೆ ಬಿಚ್ಚಿದೆ?”

“ದಿನಾ ಬಿಚ್ತೀನಿ. ಅದೊಂದೇ ಅಲ್ಲ, ನೀವು ಮುಟ್ಟಿದ್ದೆಲ್ಲ ಆಮೇಲೆ ನಾನು ನೋಡ್ತೀನಿ. ಚಳಿಗಾಲದಿಂದ.”

ಭಾವನ ಕೈಯಲ್ಲಿದ್ದ ಸ್ಪ್ಯಾನರ್ ಪೆಟ್ಟಿಗೆಗೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಹಾಲಿನವನು ಮೆಲ್ಲಗೆ ಬೀದಿಯ ಕಡೆ ಸರಿದ.

“ಏನಾದ್ರೂ ಸಿಕ್ತಾ?” ಎಂದು ಕೇಳಿದರು ಭಾವ.

ನಾನು ಕಿಟಕಿಯಿಂದ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದೆ. ಅಕ್ಕ ನನ್ನನ್ನು ನೋಡಿಯೂ ನೋಡದವಳಂತೆ, “ನರ್ಸಮ್ಮನ ಗಾಡಿ. ಒಂದು ನಟ್ಟು. ಬೆರಳಲ್ಲೇ ತಿರುಗ್ತಿತ್ತು,” ಅಂದಳು.

“ಯಾವುದರದು?”

“ಬ್ರೇಕಿಂದು.”

“ಬ್ರೇಕಾ?” ಎಂದು ಮತ್ತೆ ಕೇಳಿದರು. ಅಕ್ಕ ಹೂಂ ಅಂದಳು. ಬಯ್ಯುತ್ತಾರೇನೋ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವರು ಗಾಡಿಯ ಹತ್ತಿರ ಹೋದರು. ಎಣ್ಣೆಯನ್ನೆಲ್ಲ ಮತ್ತೆ ಹೊರಗೆ ಉಗುಳಿಸಿದರು, ಪ್ಲಗ್ ಒರೆಸಿ ಕೂರಿಸಿದರು. ನೋಯದ ಕಾಲಲ್ಲಿ ಒದ್ದರು, ಮತ್ತೆ ಒದ್ದರು. ಕೆಮ್ಮಿ, ಸೀನಿ, ಇಡೀ ಬೀದಿಗೆ ಬಿಳಿ ಹೊಗೆ ತುಂಬಿಸಿ ಎಂಜಿನ್ ಎದ್ದಿತು. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡು ಬೈದರು. ನಮ್ಮ ಕಡೆ ಯಾರಿಗೂ ಕುಣಿಯುವ ಮನಸ್ಸಿರಲಿಲ್ಲ.

ಹಾಲಿನವನು ಓಡಿ ಬಂದು ಹ್ಯಾಂಡಲ್ ಹಿಡಿದ. ಭಾವ ಎಂಜಿನ್ ಆರಿಸಿದರು.

“ತಾಳು. ಇವಳು ಒಂದ್ಸಲ ನೋಡ್ಲಿ.”

“ನೀವೇ ಎಲ್ಲಾ ನೋಡಿದೀರಲ್ಲ?”

“ನಾನು ನೋಡಿದೀನಿ. ಅದಕ್ಕೇ ಇವಳೂ ನೋಡ್ಬೇಕು,” ಎಂದು ಸ್ಪ್ಯಾನರನ್ನು ಅಕ್ಕನ ಕಡೆ ಚಾಚಿದರು.

ಅಕ್ಕ ಹಿಂದಿನ ಚಕ್ರದ ಬಳಿ ಕೂತಳು. ಕಣ್ಣು ತುಂಬಿ ಏನೂ ಕಾಣದೆ ಬ್ರೇಕಿನ ನಟ್ಟನ್ನು ಬೆರಳಿನಿಂದಲೇ ತಡಕುತ್ತಿದ್ದಳು. ಭಾವ ನೋಯುವ ಮೊಣಕಾಲು ಮಡಿಸಿ ಅವಳ ಪಕ್ಕ ಕೂತರು. ಆಮೇಲೆ, ಗಾಡಿ ಬಿಟ್ಟುಹೋದ ಗಿರಾಕಿ ಹೆದರಿ ಹೆದರಿ ಕೇಳುವ ಹಾಗೆ ಕೇಳಿದರು.

“ಬಿಗಿ ಇದೆಯಾ?”