ಮಾವನ ಕಲ್ಲು

ಕುರ್ಚಿ ಮಾವನಿಗೆ ಕಣ್ಣು ಹೋಗಿ ಇಪ್ಪತ್ತು ವರ್ಷವಾಗಿತ್ತು. ಬೆರಳುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ದೊಡ್ಡ ರಸ್ತೆಯ ಫರ್ನಿಚರ್ ಅಂಗಡಿಯಲ್ಲಿ ಕೂತು ಕುರ್ಚಿಗಳಿಗೆ ಬೆತ್ತದ ಸೀಟು ಹೆಣೆಯುತ್ತಿದ್ದರು. ಒಂದು ಎಳೆ ಸಡಿಲಾದರೆ ಕಣ್ಣಿದ್ದವರಿಗಿಂತ ಮೊದಲು ಅವರಿಗೇ ಗೊತ್ತಾಗುತ್ತಿತ್ತು. ಸಂಜೆ ಕೋಲು ಊರಿಕೊಂಡು ಒಬ್ಬರೇ ಮನೆಗೆ ಬರುವರು. ಯಾರಾದರೂ ಕೈ ಹಿಡಿಯಲು ಬಂದರೆ, ನಾನೇನು ಕಳೆದುಹೋದ ಸಾಮಾನೇ ಎಂದು ಗದರಿ ಕಳಿಸುವರು.

ದಾರಿ ಕಲಿಸಿದವಳು ಹೆಂಡತಿ. ಮೊದಲು ನಲ್ಲಿಯ ಹತ್ತಿರದ ತಗ್ಗು, ಆಮೇಲೆ ಹಿಟ್ಟಿನ ಗಿರಣಿಯ ಮುಂದಿನ ಜಲ್ಲಿ, ಕೊನೆಗೆ ತಿರುವಿನಲ್ಲಿ ಚರಂಡಿಯ ಮೇಲೆ ಹಾಸಿದ ಚಪ್ಪಡಿ. ಅದು ಸರಿಯಾಗಿ ಕೂರದ ಕಲ್ಲು, ಕಾಲಿಟ್ಟರೆ ಗಡಕ್ ಎನ್ನುತ್ತಿತ್ತು. ಅಲ್ಲಿಂದ ಎಡಕ್ಕೆ ಹನ್ನೊಂದು ಹೆಜ್ಜೆ ಇಟ್ಟರೆ ಮನೆ. ನಾಲ್ಕು ವರ್ಷದ ಹಿಂದೆ ಗಾರೆಯವನು ಅದನ್ನು ಸಿಮೆಂಟು ಹಾಕಿ ಕೂರಿಸಲು ಬಂದಾಗ, ಅದೊಂದನ್ನು ಬಿಟ್ಟುಬಿಡಪ್ಪಾ ಎಂದು ಮಾವನೇ ಬೇಡಿಕೊಂಡಿದ್ದರು. ಬೀದಿಯವರು ಒಪ್ಪಿದರು. ಅಂದಿನಿಂದ ಅದು ಮಾವನ ಕಲ್ಲು. ಮಾವನಿಗೂ ಒಳಗೊಳಗೇ ಹೆಮ್ಮೆ.

ಹೋದ ಮಳೆಗಾಲದ ಒಂದು ಸಂಜೆ ಹಾಲು ತರಲು ಹೋದ ಹೆಂಡತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ನಲ್ಲಿ ಹತ್ತಿರ ಕಾಲು ಜಾರಿತು ಎಂದಳು. ನಲವತ್ತು ದಿನ ಮಲಗಿದ್ದು, ಹೋಗಿಬಿಟ್ಟಳು.

ಈಗ ಬೀದಿಗೆ ಡಾಂಬರು, ಹೊಸ ಚರಂಡಿ ಮಂಜೂರಾಗಿತ್ತು. ಶಾಲೆಯ ಕೋಣೆಯಲ್ಲಿ ಸಭೆ. ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತ ದೊಡ್ಡವರು ಎರಡು ತಾಸು ಕಿತ್ತಾಡಿದರು. ಚರಂಡಿ ಎಲ್ಲರಿಗೂ ಬೇಕು, ಆದರೆ ಪಕ್ಕದ ಮನೆಯ ಮುಂದೆ. ಗಿರಣಿಯವನು ರಸ್ತೆ ಎತ್ತರ ಮಾಡಿ ಎಂದರೆ, ತಗ್ಗಿನ ಮನೆಯವರು ನೀರೆಲ್ಲ ನಮ್ಮ ಹಾಸಿಗೆಗೆ ಬರಲಿ ಅಂತಲಾ ಎಂದು ಹರಿಹಾಯ್ದರು. ಎಲ್ಲರೂ ಜಗಳವಿಲ್ಲದೆ ಒಪ್ಪಿದ್ದು ಒಂದೇ ವಿಷಯಕ್ಕೆ. ಸಭೆ ನಡೆಸುತ್ತಿದ್ದ ಮೇಷ್ಟ್ರು, ಏನೇ ಮಾಡಿದರೂ ಮಾವನ ಕಲ್ಲು ಮುಟ್ಟುವುದು ಬೇಡ ಎಂದಾಗ, ಹೌದು ಹೌದು ಎಂದು ಕೋಣೆಯೆಲ್ಲ ತಲೆಯಾಡಿಸಿತು.

ಮಾವ ಎದ್ದು ನಿಂತರು.

"ಅದನ್ನೇ ಮೊದಲು ಕೀಳ್ಸಿ," ಎಂದರು. "ಅವಳು ಬಿದ್ದಿದ್ದು ನಲ್ಲಿ ಹತ್ರ ಅಲ್ಲ. ನಾನು ಒಳಗೇ ಕೂತಿದ್ದೆ. ಕಲ್ಲು ಗಡಕ್ ಅಂತು. ಆಮೇಲೆ ಚಪ್ಪಲಿ ಸದ್ದು ಬರ್ಲಿಲ್ಲ."

ಹೌದಾ ಎಂದು ಯಾರೂ ಅಚ್ಚರಿಪಡಲಿಲ್ಲ. ಎಲ್ಲರಿಗೂ ಗೊತ್ತಿತ್ತು ಎಂಬುದು ಮಾವನಿಗೆ ಅದರಲ್ಲೇ ತಿಳಿಯಿತು. ನಲವತ್ತು ದಿನ ಅವಳ ಪಕ್ಕದಲ್ಲಿ ಕೂತಿದ್ದರೂ ತನಗೆ ಗೊತ್ತೆಂದು ಮಾವ ಬಾಯಿಬಿಟ್ಟಿರಲಿಲ್ಲ. ಕ್ಷಮಿಸು ಎನ್ನುವುದಕ್ಕೂ ಧೈರ್ಯ ಬಂದಿರಲಿಲ್ಲ.

ತಿಂಗಳೊಳಗೆ ಕಲ್ಲು ಹೋಯಿತು, ತಗ್ಗು ಮುಚ್ಚಿತು, ಜಲ್ಲಿಯೂ ಉಳಿಯಲಿಲ್ಲ. ಡಾಂಬರು ಕೈಯಿಂದ ಸವರಿದಂತೆ ನುಣುಪು. ಮೊದಲ ಸಂಜೆ ಮಾವ ಎಂದಿನಂತೆ ಹೊರಟರು. ಕಾಲು ಹೆಜ್ಜೆಹೆಜ್ಜೆಗೂ ಆ ಸದ್ದಿಗಾಗಿ ಕಾಯಿತು. ನಡೆದೇ ನಡೆದರು.

"ಮಾವ, ತಿರುವು ದಾಟಿ ಎಷ್ಟೋ ದೂರ ಬಂದ್ಬಿಟ್ರಿ," ಎಂದು ಎದುರುಮನೆಯ ಟೈಲರ್ ಹುಡುಗಿ ಓಡಿಬಂದು ಕೈ ಹಿಡಿದಳು. ಅವರು ಗದರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ಬಿದ್ದಿದ್ದು ನಲ್ಲಿ ಹತ್ತಿರ ಅಂತ ಹೇಳಲು ನಿಮಗೂ ಅವಳೇ ಹೇಳಿಕೊಟ್ಟಿದ್ದಳೇ ಎಂದು ಕೇಳಿದರು.

"ಹೂಂ ಮಾವ. ಎತ್ಕೊಂಡು ಬರುವಾಗ್ಲೇ ನಮ್ಮೆಲ್ರ ಹತ್ರ ಮಾತು ತಗೊಂಡ್ರು ಅತ್ತೆ. ಗೊತ್ತಾದ್ರೆ ಅವರು ಆ ಕಲ್ಲು ತೆಗೆಸ್ಬಿಡ್ತಾರೆ, ನಾನಿಲ್ದಿದ್ರೆ ಆಮೇಲೆ ಮನೆಗೆ ಹೇಗೆ ಬರ್ತಾರೆ ಅಂದ್ರು."

ಮಾವ ರಸ್ತೆಯ ನಡುವೆಯೇ ನಿಂತರು. ಬಾಗಿಲು ಎಷ್ಟು ಹೆಜ್ಜೆ ದೂರವಿದೆ ಎಂದು ಅವರಿಗೆ ತಿಳಿಯಲಿಲ್ಲ.