ಬೆಳಕು ಸರಿಯಿಲ್ಲ ಅನ್ನುತ್ತಿದ್ದ ಮೈದುನ

ನನ್ನ ಮೈದುನನ ಎಡಗಣ್ಣು ಬಲಗಣ್ಣಿಗಿಂತ ಸಣ್ಣದು. ಹುಟ್ಟಿನಿಂದ ಬಂದದ್ದಲ್ಲ. ಐವತ್ತು ದಾಟಿದ ಮೇಲೆ ಕ್ಯಾಮೆರಾ ಹಿಡಿದು, ಆ ಕಣ್ಣನ್ನು ಮುಚ್ಚಿ ಮುಚ್ಚಿ ಹಾಗೆ ಮಾಡಿಕೊಂಡ. ಕೊನೆಕೊನೆಗೆ ಕ್ಯಾಮೆರಾ ಕೈಯಲ್ಲಿ ಇಲ್ಲದಾಗಲೂ ಅದು ಪೂರ್ತಿ ತೆರೆಯುತ್ತಿರಲಿಲ್ಲ. ಊಟಕ್ಕೆ ಕೂತರೆ ಮುದ್ದೆಯನ್ನು ಒಂದೇ ಕಣ್ಣಲ್ಲಿ ನೋಡುತ್ತಿದ್ದ. ಮಾತಾಡಿಸಿದರೆ ನಮ್ಮನ್ನೂ ಹಾಗೇ ನೋಡುತ್ತಿದ್ದ, ಸಂತೆಯಲ್ಲಿ ಹೋರಿಗೆ ಬೆಲೆ ಕಟ್ಟುವವನ ಹಾಗೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅಂತ ಮೊಮ್ಮಗಳು ಹೇಳುತ್ತಾಳೆ. ಹಾಗಾದರೆ ಅವಳೇ ಬರೆದುಕೊಳ್ಳಲಿ. ಅವನ ಜೊತೆ ನಲವತ್ತು ವರ್ಷ ಏಗಿದವಳು ನಾನು.

ನಮ್ಮ ಯಜಮಾನರಿಗೆ ಅವನೊಬ್ಬನೇ ತಮ್ಮ. ಹೊಸಕೋಟೆ ಕಡೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಅಲ್ಲೇ ಮನೆ ಮಾಡಿಕೊಂಡಿದ್ದ. ಸೂಲಿಬೆಲೆ ರಸ್ತೆಯ ಪಕ್ಕ ಅವನ ಪಾಲಿಗೆ ಬಂದ ಜಮೀನು ಲೇಔಟಿಗೆ ಹೋಯಿತು. ಹಾಗೆ ಜಮೀನು ಕೊಟ್ಟವರು ಮನೆ ಕಟ್ಟಿಸಿದರು, ಕಾರು ತಂದರು. ಇವನು ಕೆಲಸ ಬಿಟ್ಟು ಕ್ಯಾಮೆರಾ ತಂದ. ಬೆಂಗಳೂರಿನಲ್ಲಿ ಕಲಿಸುವವನೊಬ್ಬ ಸಿಕ್ಕಿದ. ಅವನ ಗುಂಪಿನ ಜೊತೆ ಇವನೂ ಭೂಮಿಯ ಆ ತುದಿಗೆ ಹೋದ, ಒಂದು ಕೆರೆ ನೋಡುವುದಕ್ಕೆ.

ಟಿಟಿಕಾಕಾ ಅಂತ ಅದರ ಹೆಸರು. ನಂದಿಬೆಟ್ಟದ ಮೇಲೆ ಇನ್ನೊಂದು ನಂದಿಬೆಟ್ಟ ಇಟ್ಟರೂ ಅಷ್ಟು ಎತ್ತರ ಆಗುವುದಿಲ್ಲವಂತೆ. ಅಲ್ಲಿರುವವರು ಐಮಾರಾ ಅನ್ನುವ ಜನ. ಜೊಂಡು ಕಟ್ಟಿ ದೋಣಿ ಮಾಡುತ್ತಾರೆ, ಒಂಟೆಯ ತಂಗಿಯ ಹಾಗಿರುವ ಪ್ರಾಣಿ ಸಾಕುತ್ತಾರೆ, ಹೆಂಗಸರು ಎರಡು ಜಡೆ ಹಾಕಿ ಗುಂಡು ಟೋಪಿ ಇಟ್ಟುಕೊಳ್ಳುತ್ತಾರೆ. ಹೋದ ಮೊದಲ ದಿನವೇ ಉಸಿರು ಸಿಕ್ಕದೆ ಇವನು ಬಿದ್ದನಂತೆ. ಅಲ್ಲಿನ ಹೆಂಗಸರು ಯಾವುದೋ ಸೊಪ್ಪಿನ ಕಷಾಯ ಕುಡಿಸಿ ಎಬ್ಬಿಸಿದರಂತೆ. ಎದ್ದವನು ಮಾಡಿದ ಮೊದಲ ಕೆಲಸ, ಕಷಾಯ ಕೊಟ್ಟ ಕೈಯ ಫೋಟೋ ತೆಗೆದದ್ದು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಬಂದ ಮೇಲೆ ನಮ್ಮ ಟಿವಿಗೆ ಏನೋ ಸಿಕ್ಕಿಸಿ ಎಲ್ಲಾ ತೋರಿಸಿದ. ಸೀರಿಯಲ್ಲು ತಪ್ಪಿತು ಅಂತ ನನಗೆ ಸಿಟ್ಟು. ನಮ್ಮತ್ತೆ ಮಾತ್ರ ಕಣ್ಣು ಮಿಟುಕಿಸದೆ ನೋಡಿದರು.

"ಏನ್ಲಾ ಅದು, ಏನೋ ತುಳೀತಾವ್ರೆ?"

"ಆಲೂಗಡ್ಡೆ ಕಣಮ್ಮ. ರಾತ್ರಿ ಮಂಜಿಗೆ ಹರಡಿ, ಹಗಲು ತುಳ್ದು ನೀರು ತೆಗೀತಾರೆ. ಒಣಗಿದ್ಮೇಲೆ ವರ್ಷಗಟ್ಲೆ ಕೆಡಲ್ಲ."

"ನಮ್ಮ ಕೋಲ್ಡ್ ಸ್ಟೋರೇಜಿನೋನು ಇದ ನೋಡಿದ್ರೆ ಎದೆ ಹೊಡ್ಕೊಂಡಾನು."

"ಕುಡಿಯೋಕೆ ಮುಂಚೆ ಭೂಮಿತಾಯಿಗೆ ಅಂತ ಒಂದು ತೊಟ್ಟು ನೆಲಕ್ಕೆ ಬಿಡ್ತಾರಮ್ಮ."

"ನಿಮ್ಮಪ್ಪನೂ ಬಿಡೋನು. ತೊಟ್ಟು ಭೂಮಿತಾಯಿಗೆ, ಸೀಸೆ ತನಗೆ."

ನನಗೆ ತಡೆಯಲಾಗಲಿಲ್ಲ. "ಆಲೂಗಡ್ಡೆ ಅಗೆಯೋ ಹೆಂಗಸರನ್ನ ನೋಡೋಕೆ ಅಷ್ಟು ದೂರ ಹೋಗಿದ್ಯೇನಪ್ಪಾ? ನಾಳೆ ಹಿಂದಲ ಹೊಲಕ್ಕೆ ಬಾ, ನಾನೂ ಬಗ್ಗಿರ್ತೀನಿ" ಅಂದೆ.

"ನಿಮಗೆ ಅರ್ಥ ಆಗಲ್ಲ ಬಿಡಿ ಅತ್ತಿಗೆ. ಅಲ್ಲಿ ಬೆಳಕೇ ಬೇರೆ."

ಬೆಳಕು. ಅವನ ಬಾಯಲ್ಲಿ ದಿನಕ್ಕೆ ಹತ್ತು ಸಲ ಆ ಮಾತು. ಬೆಳಿಗ್ಗೆ ಬೆಳಕು ಹಸಿ, ಮಧ್ಯಾಹ್ನ ಬೆಳಕು ಒರಟು, ಸಂಜೆ ಬೆಳಕು ಜಾರಿಹೋಯಿತು. ಸೂರ್ಯ ನಮ್ಮೂರಿಗೆ ಹಳಸಿದ್ದನ್ನು ಬಡಿಸುತ್ತಾನೆ ಅನ್ನುವ ಹಾಗೆ ಮುಖ ಮಾಡುತ್ತಿದ್ದ.

ಟಿವಿ ಆರಿಸುವಾಗ ಅತ್ತೆ ಮೆಲ್ಲಗೆ ಕೇಳಿದರು. "ಮಗಾ, ನಂದೂ ಒಂದು ತೆಗೀಯೋ."

"ತೆಗೀತೀನಮ್ಮ. ಬೆಳಕು ಸರಿಯಾಗ್ಲಿ."

ಅತ್ತೆ ಹಾಗೆ ಏನನ್ನೂ ಕೇಳಿದವರಲ್ಲ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಮದುವೆಮನೆಗಳಲ್ಲಿ ಫೋಟೋಕ್ಕೆ ಅಂತ ಮುಂದೆ ನಿಂತವರಲ್ಲ, ಯಾರೂ ಕರೆದೂ ಇಲ್ಲ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಒಂದು ಕಂಬದ ಹಿಂದೆ ಅವರ ಸೆರಗು ಕಾಣುತ್ತದೆ, ಅಷ್ಟೆ. ಆಧಾರ್ ಕಾರ್ಡಿನಲ್ಲಿ ಇರುವುದು ಅವರೋ ಹುಣಸೆಹಣ್ಣೋ ಹೇಳುವುದು ಕಷ್ಟ. ಮಗ ಕ್ಯಾಮೆರಾ ತಂದ ಮೇಲೆ ಮೊದಲ ಸಲ ಅವರಿಗೆ ಆಸೆ ಹುಟ್ಟಿತು. ಮೊಮ್ಮಕ್ಕಳು ಫೋನು ಎತ್ತಿದರೆ ಸೆರಗು ಮುಖಕ್ಕೆ ಎಳೆದುಕೊಂಡು, "ಹೋಗ್ರೋ, ನನ್ನ ಮಗ ತೆಗೀತಾನೆ. ನಿಮ್ಮ ಡಬ್ಬಿ ಯಾರಿಗೆ ಬೇಕು" ಅನ್ನುತ್ತಿದ್ದರು.

ಒಂದು ಭಾನುವಾರ ಅವನು ಬರುತ್ತಾನೆ ಅಂತ ಗೊತ್ತಾಗಿ, ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡರು. ಪೆಟ್ಟಿಗೆಯಿಂದ ಬೂದುಬಣ್ಣದ ಸೀರೆ ತೆಗೆದು ಉಟ್ಟರು. ಜಗಲಿಯ ಮೇಲೆ ಕೂತರು, ಮಂಡಿಯ ಮೇಲೆ ಎರಡು ಕೈ ಇಟ್ಟುಕೊಂಡು, ಸ್ಟುಡಿಯೋದಲ್ಲಿ ಕೂರಿಸಿದ ಹಾಗೆ. ಅವನು ಬಂದದ್ದು ಹನ್ನೆರಡಕ್ಕೆ. ಕಣ್ಣು ಕಿರಿದು ಮಾಡಿ ನೋಡಿದ.

"ಈಗ ಬೇಡಮ್ಮ, ಬಿಸಿಲು ನೆತ್ತಿ ಮೇಲೈತೆ. ಸಂಜೆಗೆ ಕೂತ್ಕೋ. ಆ ಸೀರೆ ಬೇಡ, ದಿನಾ ಉಡೋದು ಉಟ್ಕೋ. ಸಹಜವಾಗಿರ್ಬೇಕು."

ಅತ್ತೆ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು. ಮತ್ತೆ ಅಲ್ಲೇ ಕೂತರು. ಮೂರು ಗಂಟೆಗೆ ಅವನಿಗೆ ಯಾರದೋ ಫೋನು ಬಂತು, ಚಿತ್ರಪ್ರದರ್ಶನದವರಂತೆ. ಮುಂದಿನ ವಾರ ಬರುತ್ತೇನೆ ಅಂತ ಹೊರಟ. ಹೋಗುವಾಗ ನಮ್ಮ ಕೊಟ್ಟಿಗೆಯ ಬಾಗಿಲಿನ ಎರಡು ಫೋಟೋ ತೆಗೆದ. ಅದರ ಮೇಲೆ ಬೆಳಕು ಚೆನ್ನಾಗಿ ಬಿದ್ದಿತ್ತಂತೆ.

ಮುಂದಿನ ವಾರ ಬರಲಿಲ್ಲ. ಬಂದಾಗ ಒಂದು ದೊಡ್ಡ ಚೌಕಟ್ಟು ತಂದು ನಡುಮನೆಯ ಗೋಡೆಗೆ ಹೊಡೆದ. ಆ ಕೆರೆಯ ದಡದ ಒಬ್ಬ ಮುದುಕಿ. ಕಂಬಳಿಯಂಥದ್ದನ್ನು ತಲೆಯ ಮೇಲೆ ಹೊದ್ದಿದ್ದಾಳೆ, ನಾವು ಸೆರಗು ಹೊದೆಯುವ ಹಾಗೆ. ಬೋಳು ಹಣೆ. ಮುಖದ ತುಂಬಾ ಗೆರೆ. ಟೋಪಿಯನ್ನು ಮಗುಚಿ ಮಡಿಲಲ್ಲಿಟ್ಟುಕೊಂಡು, ಅದರೊಳಗೆ ನಾಲ್ಕು ಆಲೂಗಡ್ಡೆ. ಟೋಪಿಯಲ್ಲಿ ಯಾರು ಆಲೂಗಡ್ಡೆ ಇಡುತ್ತಾರೋ ಅಂತ ಕೇಳಿದೆ. ತಾನೇ ಇಡಿಸಿದ್ದು ಅಂದ. ಸಹಜವಾಗಿರಬೇಕಲ್ಲ.

ಅತ್ತೆ ಆ ಚಿತ್ರವನ್ನು ತುಂಬಾ ಹೊತ್ತು ನೋಡಿದರು. "ಇವಳಿಗೆ ಬೆಳಕು ಸರಿಯಾಗಿತ್ತಾ?" ಅಂದರು. ಅವನು ಹೂಂ ಅಂದ.

ಆ ಚಳಿಗಾಲದಲ್ಲಿ ಅತ್ತೆ ಹೋದರು. ಮಲಗಿದ್ದವರು ಎದ್ದಿಲ್ಲ, ಯಾರಿಗೂ ತೊಂದರೆ ಕೊಟ್ಟಿಲ್ಲ. ಅವನು ಆಗ ಮೂರನೇ ಸಲ ಕೆರೆಗೆ ಹೋಗಿದ್ದ. ಮಣ್ಣಿಗೆ ಸಿಗಲಿಲ್ಲ, ತಿಥಿಗೆ ಬಂದ. ಸೂಲಿಬೆಲೆಯ ಸ್ಟುಡಿಯೋದವನು ಆಧಾರಿನ ಫೋಟೋ ದೊಡ್ಡದು ಮಾಡಿ ಕೊಟ್ಟಿದ್ದ. ಮಸಿ ಬಟ್ಟೆಗೆ ಕಣ್ಣು ಬರೆದ ಹಾಗಿತ್ತು. ನಮ್ಮ ಯಜಮಾನರು ಅದನ್ನು ನೋಡಲಾರದೆ ಮಗುಚಿಟ್ಟರು.

ತಿಥಿಯ ದಿನ ಅತ್ತೆಯ ತಂಗಿ ಬಂದರು. ಪೊರೆ ಬಂದ ಕಣ್ಣು, ಕೈಯಲ್ಲಿ ಸೇವಂತಿಗೆ ಹಾರ. ನಡುಮನೆಗೆ ಕಾಲಿಟ್ಟವರೇ ಗೋಡೆಯ ಕಡೆ ನೋಡಿ ಗೊಳೋ ಅಂತ ಅತ್ತರು.

"ಅಯ್ಯೋ ಅಕ್ಕಯ್ಯ, ಹಂಗೇ ಕೂತವ್ಳೆ ನೋಡ್ರೇ. ಕೊನೇಗಂಟಾನೂ ಕುಕ್ಕೆ ಬಿಡ್ಲಿಲ್ಲ, ಆಲೂಗಡ್ಡೆ ಬಿಡ್ಲಿಲ್ಲ."

ನಾನು ಎಲೆ ತೊಳೆದು ಒಳಗೆ ಬರುವಷ್ಟರಲ್ಲಿ ಆ ದೇಶದ ಮುದುಕಿಯ ಕೊರಳಿಗೆ ಹಾರ ಬಿದ್ದಿತ್ತು. ಹಿರಿಯರೇ ಅಂದ ಮೇಲೆ ಉಳಿದವರೂ ಸಾಲಾಗಿ ಕೈ ಮುಗಿದರು, ಊದಿನಕಡ್ಡಿ ಹಚ್ಚಿದರು. ಮೈದುನ ಅಲ್ಲೇ ನಿಂತಿದ್ದ.

"ನೀನೇ ತೆಗ್ದಿದ್ದೇನಪ್ಪಾ?" ಕೇಳಿದರು ಅವರು.

"ಹೂಂ ಚಿಕ್ಕಮ್ಮ, ನಾನೇ ತೆಗ್ದಿದ್ದು."

"ಹೆತ್ತಮ್ಮನ ಮುಖ ಉಳಿಸ್ಕೊಟ್ಟೆ. ನಿನ್ನ ಹೊಟ್ಟೆ ತಣ್ಣಗಿರ್ಲಿ."

ಅವನು ತಲೆ ಬಗ್ಗಿಸಿ ಆಶೀರ್ವಾದ ತೆಗೆದುಕೊಂಡ. ಸುಳ್ಳು ಹೇಳಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಇಳಿಸಿಬಿಡೋಣ ಅಂತ ಯಜಮಾನರಿಗೆ ಹೇಳಿದೆ. "ಹಾರ ಬಿದ್ದಾಯ್ತು, ಚಿಕ್ಕಮ್ಮ ಅತ್ತಾಯ್ತು. ಎಲ್ಲರ ಎದುರು ಹೆಂಗೆ ಇಳಿಸ್ಲಿ, ಬಿಡು" ಅಂದರು. ನಾನು ಬಿಡಲಿಲ್ಲ. ಹಿತ್ತಲಲ್ಲಿ ಸಾರು ಕುದಿಯುತ್ತಿದ್ದ ಒಲೆಯ ಹತ್ತಿರ ಅವನು ಒಬ್ಬನೇ ಸಿಕ್ಕಿದ.

"ಆ ಯಮ್ಮನ ಹೆಸರೇನೋ?"

"ಯಾವ ಯಮ್ಮ ಅತ್ತಿಗೆ?"

"ನಿಮ್ಮಮ್ಮನ ಹಾರ ಹಾಕ್ಕೊಂಡು ಕೂತವ್ಳಲ್ಲ, ಅವಳು."

"ಹೆಸರು ಕೇಳ್ಲಿಲ್ಲ. ಅವತ್ತು ಮೋಡ ಮುಚ್ಕೊಳ್ತಿತ್ತು, ಅವಸರ."

"ಬದುಕವ್ಳಾ?"

"ಇರ್ಬೇಕು."

"ಅವಳಿಗೊಂದು ಫೋಟೋ ಕೊಟ್ಯಾ?"

"ಅಷ್ಟು ಎತ್ತರಕ್ಕೆ ಯಾರು ತಗೊಂಡೋಗಿ ಕೊಡ್ತಾರೆ ಅತ್ತಿಗೆ."

"ಮತ್ತೆ ನೀನು ಹೋಗಿದ್ದು ಎಲ್ಲಿಗೋ, ಚಿಂತಾಮಣಿಗಾ?"

ಅವನು ಕಣ್ಣು ಕಿರಿದು ಮಾಡಿ ಒಲೆಯ ಹೊಗೆ ನೋಡುತ್ತಿದ್ದ. ಹೊಗೆಯ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿತ್ತು ಅಂತ ಕಾಣುತ್ತದೆ.

ಆಮೇಲೆ ನಾನು ಅವನ ಜೊತೆ ಬೇಕಾದಷ್ಟೇ ಮಾತಾಡಿದೆ. ಹೋದ ವರ್ಷ ಅವನಿಗೆ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ನನ್ನನ್ನೇ ಕರೆಸು ಅಂತ ಹಟ ಹಿಡಿದನಂತೆ. ಹೋದೆ. ಅಣ್ಣನನ್ನು ಹೊರಗೆ ಕಳಿಸಿ ಹೇಳಿದ.

"ಅತ್ತಿಗೆ, ಅಮ್ಮನ ಮುಖ ನೆನಪಿಗೆ ಬರ್ತಿಲ್ಲ. ಕಣ್ಣು ಮುಚ್ಚಿದ್ರೆ ಆ ಕೆರೆ ಯಮ್ಮನೇ ಬರ್ತಾಳೆ."

ಪಾಪ ಅನ್ನಿಸಲಿಲ್ಲ. ತಾನೇ ಮಾಡಿಕೊಂಡದ್ದು. ಆದರೆ ಅತ್ತೆಯ ಮುಖ ಇನ್ನೊಂದು ತಲೆಯಿಂದ ಅಳಿಸಿಹೋಗುವುದು ನನಗೆ ಸರಿಬರಲಿಲ್ಲ. ಅದಕ್ಕೆ ಹೇಳಿದೆ. "ನಿಮ್ಮಮ್ಮಂದು ಉದ್ದ ಮುಖ ಕಣೋ. ಬಲಗಡೆ ಹುಬ್ಬಿನ ಮೇಲೆ ಒಂದು ಗೀಟು, ರಾಗಿ ಕುಯ್ಯೋವಾಗ ಕುಡ್ಲು ತಾಕಿದ್ದು. ಅಲ್ಲಿ ಕೂದ್ಲು ಬರ್ತಿರ್ಲಿಲ್ಲ. ಮೂಗಿನ ತುದಿ ಒಂಚೂರು ಎಡಕ್ಕೆ. ಮುಂದಿನ ಎರಡು ಹಲ್ಲಿರ್ಲಿಲ್ಲ ಅಂತ ಕೈ ಅಡ್ಡ ಇಟ್ಕೊಂಡು ನಗೋರು. ನಿನ್ನ ಹೆಸರು ಹೇಳೋವಾಗ ಮಾತ್ರ ಕೈ ಇಡ್ತಿರ್ಲಿಲ್ಲ."

ಅವನು ಎರಡೂ ಕಣ್ಣು ಮುಚ್ಚಿಕೊಂಡು ಕೇಳಿದ. ಮುಚ್ಚಿದ ಮೇಲೆ ಎರಡೂ ಒಂದೇ ಅಳತೆ. "ಇನ್ನೊಂದ್ಸಲ ಹೇಳಿ ಅತ್ತಿಗೆ" ಅಂದ. ಇನ್ನೊಂದು ಸಲ ಹೇಳಿದೆ. ಬಂತೋ ಇಲ್ಲವೋ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಅದೇ ವಾರ ಹೋದ.

ಮಹಾಲಯ ಅಮಾವಾಸ್ಯೆಗೆ ಈಗಲೂ ಆ ಚೌಕಟ್ಟಿನ ಮುಂದೆಯೇ ಎಡೆ ಇಡುತ್ತೇವೆ. ಚಿಕ್ಕಮ್ಮ ಇರುವವರೆಗೆ ಇಳಿಸುವ ಹಾಗಿಲ್ಲ. ಈ ಸಲ ಸೊಸೆ ತನ್ನ ಮಗುವನ್ನು ಎತ್ತಿ ಹಿಡಿದು, "ನೋಡು ಪುಟ್ಟ, ಮುತ್ತಜ್ಜಿ, ಜೋತ ಮಾಡು" ಅಂದಳು. ಮಗು ಕೈ ಮುಗಿಯಿತು. ನಾನಿಲ್ಲದಿದ್ದರೆ ಆಗುವುದು ಅದೇ. ಅದಕ್ಕೇ ಆ ಹುಬ್ಬಿನ ಗೀಟು, ಎಡಕ್ಕೆ ತಿರುಗಿದ ಮೂಗು, ಇಲ್ಲದ ಎರಡು ಹಲ್ಲು ಇಲ್ಲಿ ಬರೆದಿಟ್ಟಿದ್ದೇನೆ. ನಮ್ಮತ್ತೆ ಅವರು.

ಗೋಡೆಯ ಮೇಲಿರುವವರು ಬೇರೆ ಯಾರೋ. ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ ಹೊರಗೆ ಕೂತಾಗ ಅವರ ಯೋಚನೆಯೂ ಬರುತ್ತದೆ. ಆ ಕೆರೆಯ ದಡದಲ್ಲಿ ಬದುಕಿದ್ದರೂ ಬದುಕಿರಬಹುದು. ಅವರ ಫೋಟೋವನ್ನೂ ಅವನು ಕೊಡಲಿಲ್ಲ. ಅದಕ್ಕೆ ಈ ವರ್ಷದಿಂದ ಎರಡು ಎಲೆ ಹಾಕುತ್ತಿದ್ದೇನೆ, ಒಂದು ನಮ್ಮತ್ತೆಗೆ, ಒಂದು ಅವರಿಗೆ.