ನಮ್ಮ ಮನೆಯ ಫಾರಂ

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವಳ ಕೂದಲು.

ಮಗಳು ಸಿಂಚನ ಸಾಗರದ ಕಾಲೇಜಿನಲ್ಲಿ ಎಂ.ಕಾಂ. ಎರಡನೇ ವರ್ಷ ಓದುತ್ತಿದ್ದಳು. ಹಾಸ್ಟೆಲಿನಲ್ಲಿದ್ದು ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದಳು. ನಮ್ಮದು ಹುಂಚದಿಂದ ಎರಡು ಮೈಲಿ ಒಳಗಿನ ಊರು. ಕನ್ನಡಿಯ ಮುಂದೆ ಅರ್ಧ ಗಂಟೆ ನಿಂತು ಜಡೆ ಹಾಕಿಕೊಳ್ಳುವ ಹುಡುಗಿ ಅವಳು. ಸಂಕ್ರಾಂತಿ ರಜೆಗೆ ಬಂದಾಗ ತಲೆ ಬಾಚಿರಲಿಲ್ಲ. ಕೂದಲು ಗಂಟುಗಂಟಾಗಿತ್ತು, ಅದರ ಮೇಲೊಂದು ಕ್ಲಿಪ್. ಬಸ್ಸಿನ ಗಾಳಿಗೆ ಹಾಗಾಗಿದೆ ಎಂದುಕೊಂಡೆ. ಮರುದಿನವೂ ಹಾಗೇ ಇತ್ತು. ನಾಲ್ಕನೆಯ ದಿನವೂ.

ನಾನು ಆಶಾ ಕಾರ್ಯಕರ್ತೆ. ಹನ್ನೆರಡು ವರ್ಷವಾಯಿತು. ಬಸುರಿ, ಬಾಣಂತಿ, ಬಿಪಿ, ಶುಗರ್, ವಾರ ದಾಟಿದ ಕೆಮ್ಮು, ಯಾರ ಮನೆಯಲ್ಲಿ ಯಾರಿಗೆ ಏನು ಎಂಬುದು ನನ್ನ ಚೀಲದ ರಿಜಿಸ್ಟರಿನಲ್ಲಿ ಇರುತ್ತದೆ. ಆದ್ದರಿಂದ ಮಗಳ ವಿಷಯದಲ್ಲೂ ನನಗೇ ಎಲ್ಲ ಗೊತ್ತು ಎಂಬ ಧೈರ್ಯ. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಬಿಳಿಚಿಕೊಂಡಿತ್ತು. ರಕ್ತ ಕಡಿಮೆ ಎಂದು ತೀರ್ಮಾನಿಸಿ ಕಬ್ಬಿಣದ ಮಾತ್ರೆ ಕೊಟ್ಟೆ. ಏನೂ ಕೇಳದೆ ನುಂಗಿದಳು. ಏನು ಕೊಟ್ಟರೂ ಏನೂ ಕೇಳದೆ ನುಂಗುತ್ತಿದ್ದಾಳೆ ಎಂಬುದನ್ನು ಆಗ ಗಮನಿಸಲಿಲ್ಲ.

ಮುಂದಿನ ತಿಂಗಳು ಬಂದವಳು ಹಾಸಿಗೆ ಬಿಟ್ಟು ಏಳಲಿಲ್ಲ. ತಲೆನೋವು, ಮೈಕೈ ನೋವು, ಊಟ ಬೇಡ. ನಮ್ಮ ಕಡೆ ಆ ತಿಂಗಳುಗಳಲ್ಲಿ ಯಾರಾದರೂ ಮೈಕೈ ನೋವು ಎಂದು ಮಲಗಿದರೆ ಮೊದಲು ಬರುವ ಯೋಚನೆ ಒಂದೇ, ಮಂಗನ ಕಾಯಿಲೆ. ಕಾಡಿಗೆ ಹೋಗುವಾಗ ಉಣುಗು ಕಚ್ಚದಂತೆ ಕೈಕಾಲಿಗೆ ಎಣ್ಣೆ ಸವರಿಕೊಳ್ಳಿ, ಮಂಗ ಸತ್ತದ್ದು ಕಂಡರೆ ಫೋನ್ ಮಾಡಿ ಎಂದು ಮನೆಮನೆಗೆ ಹೇಳಿ ಬರುವವಳೇ ನಾನು. ಸಂಕ್ರಾಂತಿಯಲ್ಲಿ ಇವಳು ನನ್ನ ಜೊತೆ ಕೊಟ್ಟಿಗೆಗೆ ಹಾಸುವ ಒಣ ದರಗೆಲೆ ಗುಡಿಸಿ ತರಲು ಕಾಡಂಚಿಗೆ ಬಂದಿದ್ದಳು. ಅವಳಿಗೆ ಎಣ್ಣೆ ಹಚ್ಚಲು ನಾನೇ ಮರೆತಿದ್ದೆ.

"ಜ್ವರ ಇಲ್ದೆ ಎಂತಾ ಮಂಗನ ಕಾಯಿಲೆನೆ?" ಎಂದರು ಯಜಮಾನರು. ಅವರು ಗೂಡ್ಸ್ ಆಟೋ ಓಡಿಸುತ್ತಾರೆ. ಮಾತು ಕಡಿಮೆ, ಆಡಿದರೆ ಸರಿಯಾಗಿ ಆಡುತ್ತಾರೆ.

"ಒಳಜ್ವರ ಇರ್ತದೆ. ನಿಮ್ಗೆ ಗೊತ್ತಾಗಲ್ಲ" ಎಂದೆ.

ಆರೋಗ್ಯ ಕೇಂದ್ರದಲ್ಲೂ ಜ್ವರವಿಲ್ಲದೆ ಸ್ಯಾಂಪಲ್ ಕಳಿಸುವುದಿಲ್ಲ ಎಂದರು. ಮೂರು ದಿನ ಜ್ವರ ಇತ್ತು, ಇವತ್ತು ಬೆಳಿಗ್ಗೆ ಬಿಟ್ಟಿದೆ ಎಂದು ಸುಳ್ಳು ಹೇಳಿ ರಕ್ತ ತೆಗೆಸಿದೆ. ರಿಪೋರ್ಟ್ ಬರುವವರೆಗೆ ನಾನು ನೆಟ್ಟಗೆ ಊಟ ಮಾಡಲಿಲ್ಲ. ಬಂತು. ನೆಗೆಟಿವ್. ಯಜಮಾನರು ರಿಪ್ಪನ್‌ಪೇಟೆಯಿಂದ ಜಿಲೇಬಿ ತಂದರು. ಸಿಂಚನ ಒಂದು ತಿಂದಳು. ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಹಾಗೇ ಕೂತಿದ್ದಳು.

"ಏನೂ ಇಲ್ಲ ಅಂತ ಬಂತಲ್ಲ, ಇನ್ನು ಕಾಲೇಜಿಗೆ ಹೋಗು" ಎಂದೆ. ಬ್ಯಾಗು ನಾನೇ ತುಂಬಿಕೊಟ್ಟೆ.

ಮೂರು ವಾರದ ಮೇಲೆ ಕಾಲೇಜಿನಿಂದ ಫೋನ್ ಬಂತು. ಹೆಂಗಸಿನ ದನಿ. ತಾನು ಕಾಲೇಜಿನ ಆಪ್ತ ಸಮಾಲೋಚಕಿ, ಗಾಬರಿಯಾಗುವುದು ಬೇಡ, ಆದರೆ ನಾಳೆಯೇ ಬಂದರೆ ಒಳ್ಳೆಯದು ಎಂದರು. ಗಾಬರಿ ಬೇಡ ಎಂದು ಯಾವಾಗ ಹೇಳುತ್ತಾರೆ ಎಂಬುದು ನನಗೆ ಗೊತ್ತು. ನಾನೂ ಹೇಳಿದ್ದೇನೆ.

ಸಮಾಲೋಚನೆಯ ಕೋಣೆ ಎಂದರೆ ಕ್ರೀಡಾ ಸಾಮಗ್ರಿಯ ಕೋಣೆಗೆ ಪರದೆ ಕಟ್ಟಿ ಮಾಡಿದ ಅರ್ಧ ಭಾಗ. ಎರಡು ಕುರ್ಚಿ, ಒಂದು ಬೆಂಚು, ಗೋಡೆಗೊರಗಿಸಿದ ಕೇರಂ ಬೋರ್ಡು. ಬೆಂಚಿನ ಮೇಲೆ ಸಿಂಚನ ಕೂತಿದ್ದಳು. ತಲೆ ಬಾಚಿರಲಿಲ್ಲ. ಆ ಮೇಡಂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವಸರವಿಲ್ಲದೆ ಹೇಳಿದರು. ಹನ್ನೊಂದು ದಿನದಿಂದ ಕ್ಲಾಸಿಗೆ ಹೋಗಿಲ್ಲ. ಹಾಸ್ಟೆಲಿನಲ್ಲಿ ಮಲಗಿಯೇ ಇರುತ್ತಾಳೆ. ರೂಮಿನ ಗೆಳತಿ ಕೈಹಿಡಿದು ಇಲ್ಲಿಗೆ ಕರೆತಂದಳು. ಆಮೇಲೆ ಮೂರು ಸಲ ತಾನಾಗಿಯೇ ಬಂದಿದ್ದಾಳೆ. ಮನೆಗೆ ತಿಳಿಸಬೇಕು ಎಂದಾಗ ಹೂಂ ಎಂದವಳೂ ಅವಳೇ. ಆಮೇಲೆ ಮೇಡಂ ಒಂದು ಹಾಳೆ ನನ್ನ ಮುಂದಿಟ್ಟರು. ನಿದ್ದೆ ಕೆಟ್ಟಿದೆಯೇ, ಕೆಲಸದಲ್ಲಿ ಆಸಕ್ತಿ ಹೋಗಿದೆಯೇ, ಸದಾ ಬೇಸರವೇ, ಬದುಕು ಬೇಡ ಅನ್ನಿಸಿದೆಯೇ.

ಓದಬೇಕಾಗಿರಲಿಲ್ಲ. ಆ ಪ್ರಶ್ನೆಗಳು ನನಗೆ ಬಾಯಿಪಾಠ.

ಹಿಂದಿನ ಸರ್ವೆಯಲ್ಲಿ ಅವೇ ಪ್ರಶ್ನೆಗಳನ್ನು ನನ್ನ ಪಾಲಿನ ಪ್ರತಿ ಮನೆಯ ಜಗಲಿಯಲ್ಲಿ ಕೂತು ಕೇಳಿದ್ದೆ. ನಮ್ಮಲ್ಲಿ ಒಂದು ರೂಢಿ ಇದೆ. ನಮ್ಮ ನಮ್ಮ ಮನೆಯ ಫಾರಂ ನಾವು ಯಾರನ್ನೂ ಕೇಳದೆ ತುಂಬುತ್ತೇವೆ. ಗೊತ್ತಿದ್ದದ್ದನ್ನು ಕೇಳುವುದೇನು? ಅಡಿಗೆಮನೆಯಲ್ಲಿ ಹಾಲು ಕಾಯಿಸುತ್ತಾ ಎರಡು ನಿಮಿಷದಲ್ಲಿ ಮುಗಿಸಿಬಿಡುವ ಕೆಲಸ ಅದು. ಇಡೀ ಪುಸ್ತಕದಲ್ಲಿ ಮೊದಲ ಹಾಳೆ ನಮ್ಮದೇ ಇರುತ್ತದೆ, ಅಕ್ಷರವೂ ದುಂಡಗಿರುತ್ತದೆ.

ಎಲ್ಲದಕ್ಕೂ 'ಇಲ್ಲ' ಎಂದು ಗುರುತು ಹಾಕಿದ್ದೆ. ಅದೇ ಸಂಕ್ರಾಂತಿಯ ವಾರ. ಅವಳು ಪಕ್ಕದ ಕೋಣೆಯಲ್ಲಿ ಮಲಗಿದ್ದಳು.

"ಕೊನೇ ಪ್ರಶ್ನೆಗೆ ಇವಳು ಎಂತ ಹೇಳಿದ್ಲು?" ಎಂದು ಮೇಡಂ ಅವರನ್ನು ಕೇಳಿದೆ.

"ಅವಳನ್ನೇ ಕೇಳಿ" ಎಂದರು.

ನಾನು ಕೇಳಲಿಲ್ಲ. ಸಿಂಚನ ಕೇರಂ ಬೋರ್ಡು ನೋಡುತ್ತಾ ತಾನಾಗಿಯೇ ಹೇಳಿದಳು: "ಸಾಯ್ಬೇಕು ಅಂತಲ್ಲ ಅಮ್ಮ. ಬೆಳಿಗ್ಗೆ ಎಚ್ಚರ ಆಗದೆ ಇದ್ರೆ ಒಳ್ಳೇದಿತ್ತು ಅನ್ಸ್ತದೆ. ದಿನಾ."

ಮನೋವೈದ್ಯರಿಗೆ ತೋರಿಸಬೇಕು ಎಂದರು ಮೇಡಂ. ಅವತ್ತೇ ಮಗಳನ್ನು ಮನೆಗೆ ಕರೆತಂದೆ. ಡಿಪ್ರೆಶನ್ ಎಂಬ ಮಾತು ಆ ದಿನ ಅವರ ಬಾಯಲ್ಲಿ ಬಂತು, ಮುಂದಿನ ವಾರ ಡಾಕ್ಟರ ಚೀಟಿಯಲ್ಲಿ ಬಂತು. ಹೊಸನಗರದ ಸರ್ಕಾರಿ ಆಸ್ಪತ್ರೆಗೆ ಮಂಗಳವಾರ ಆ ಡಾಕ್ಟರು ಬರುತ್ತಾರೆ. ಎಷ್ಟೋ ಜನರನ್ನು ಪುಸಲಾಯಿಸಿ ಅಲ್ಲಿಗೆ ಕರೆದುಕೊಂಡು ಹೋದವಳು ನಾನು. ಇದೂ ಜ್ವರ ಇದ್ದ ಹಾಗೆ, ನಾಚಿಕೆಯೇನು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದೆ. ಮಗಳ ಸರದಿ ಬಂದಾಗ ಉಲ್ಟಾ ದಿಕ್ಕಿನ ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೋದೆ. ಹೊಸನಗರದಲ್ಲಿ ಕಸ ಗುಡಿಸುವವರಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ನನ್ನ ಗುರುತಿನವರು. ತೀರ್ಥಹಳ್ಳಿಯಲ್ಲಿ ನಾನು ಯಾರೋ.

ಎಲ್ಲಿಗೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದವರಿಗೆಲ್ಲ "ಇವ್ಳಿಗೆ ಹಲ್ಲು. ರೂಟ್ ಕೆನಾಲ್" ಎನ್ನುತ್ತಿದ್ದೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ಮನೆಯಲ್ಲಿ ಕಬ್ಬಿಣದ ಮಾತ್ರೆಯ ಕವರಿನಲ್ಲಿ ಹಾಕಿಟ್ಟೆ. ಯಾರಾದರೂ ಬಂದವರು ನೋಡಿದರೆ ಎಂದು.

ಎರಡನೆಯ ಸಲ ಹೋದಾಗ ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮೂರಿನ ಸುಶೀಲಕ್ಕ ಕೂತಿದ್ದರು. ನಮ್ಮ ಮನೆಯಿಂದ ನಾಲ್ಕನೆಯ ಮನೆ. ಸರ್ವೆಗೆ ಹೋದಾಗಲೆಲ್ಲ, ಮಲಗಿದ ಕೂಡಲೇ ನಿದ್ದೆ ಬರುತ್ತದೆ ಎಂದು ಬರೆಸಿದವರು.

"ಎಂತ ನಾಗರತ್ನ, ಇಲ್ಲಿ?" ಎಂದರು.

"ಸಿಂಚನಂಗೆ ಹಲ್ಲು ನೋಡ್ಸಕ್ಕೆ. ನೀವು?"

"ನಂಗೆ ಕಣ್ಣು ಮಾರಾಯ್ತಿ. ಮಸುಕು."

ನಮ್ಮ ತಲೆಯ ಮೇಲೆ ಮನೋರೋಗ ವಿಭಾಗ ಎಂದು ಕೊಡದ ಗಾತ್ರದ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದಿತ್ತು. ನಾವಿಬ್ಬರೂ ಆಮೇಲೆ ಒಂದು ಗಂಟೆ ಸೌತೆಬೀಜದ ವಿಷಯ ಮಾತಾಡಿದೆವು. ಸಿಂಚನ ನಡುವೆ ಕೂತು ಒಮ್ಮೆ ಬೋರ್ಡು ನೋಡುತ್ತಿದ್ದಳು, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ಈಗ ನೆನೆದರೆ ನಗು ಬರುತ್ತದೆ. ಆಗ ಅವಳಿಗೆ ಬಂದಿರಲಿಲ್ಲ.

ಆರು ವಾರಕ್ಕೆ ಸ್ವಲ್ಪ ಗೆಲುವಾದಳು. ಒಂದು ಬೆಳಿಗ್ಗೆ ಬಾಚಣಿಗೆ ಕೇಳಿದಳು. ಅಷ್ಟಕ್ಕೇ ನನಗೆ ಅಳು ಬಂತು, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಆದರೆ ಮತ್ತೆರಡು ವಾರಕ್ಕೆ ಕೂದಲು ಮತ್ತೆ ಗಂಟಾಯಿತು. ಊಟ ಬಿಟ್ಟಳು. ಏನಾಯಿತೆಂದು ತಿಳಿಯದೆ ಅವಳ ಬ್ಯಾಗು ತಡಕಿದೆ. ಪೆನ್ನಿನ ಡಬ್ಬಿಯೊಳಗೆ ಮಾತ್ರೆಗಳಿದ್ದವು. ಹದಿನಾಲ್ಕು.

"ಯಾಕೆ ನುಂಗ್ಲಿಲ್ಲ?"

"ಹಲ್ಲು ನೋವು ಈಗಿಲ್ಲ" ಎಂದಳು.

ನಾನು ಬೈಯಲು ಬಾಯಿ ತೆರೆದೆ. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಲ್ಲಿಂದಲೇ ಹೇಳಿದಳು. "ಊರಿನವ್ರಿಗೆಲ್ಲ ಹೇಳ್ತೀಯ, ಜ್ವರ ಇದ್ದಂಗೆ, ನಾಚ್ಕೆ ಪಡ್ಬೇಡಿ ಅಂತ. ನನ್ನೊಬ್ಳಿಗೆ ಮಾತ್ರ ಹಲ್ಲು. ಅಂದ್ರೆ ನಂದು ನಾಚ್ಕೆ ಪಡೋ ಅಂಥದ್ದೇ ಅಂತ ಆಯ್ತಲ್ಲ ಅಮ್ಮ. ಇನ್ನು ನಾನು ಆ ಬಸ್ಸು ಹತ್ತಲ್ಲ."



ಹನ್ನೆರಡು ವರ್ಷದಲ್ಲಿ ನಾನು ಅನೇಕ ಮನೆಗಳಲ್ಲಿ ಕಾಯಿಲೆ ಮುಚ್ಚಿಡುವ ತಾಯಂದಿರನ್ನು ಕಂಡಿದ್ದೇನೆ, ಹೊರಗೆ ಬಂದು ಅವರನ್ನು ಮನಸ್ಸಿನಲ್ಲೇ ಬೈದಿದ್ದೇನೆ. ಮುಚ್ಚಿಡುವಾಗ ಅದು ಮುಚ್ಚಿಟ್ಟ ಹಾಗೆ ಕಾಣುವುದಿಲ್ಲ, ಮಗಳ ಮೇಲಿನ ಕಾಳಜಿಯ ಹಾಗೆ ಕಾಣುತ್ತದೆ. ನಾಳೆ ಅವಳಿಗೆ ಮದುವೆ ಆಗಬೇಕು, ಕೆಲಸ ಸಿಗಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಆ ನಾಳೆಗೆ ಅವಳೇ ಇರುತ್ತಾಳೋ ಇಲ್ಲವೋ ಎಂಬುದು ನನ್ನ ಯೋಚನೆಯಲ್ಲಿ ಇರಲಿಲ್ಲ. ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಸಾಗರದ ಮೇಡಂಗೆ ಫೋನ್ ಮಾಡಿದೆ. ಒಬ್ಬಳನ್ನೇ ಬಿಡಬೇಡಿ, ತಡ ಮಾಡದೆ ಹತ್ತಿರದ ಡಾಕ್ಟರಿಗೆ ತೋರಿಸಿ ಎಂದರು. ಮರುದಿನ ಮಂಗಳವಾರ.

ನಾನು ಗುಲಾಬಿ ಬಣ್ಣದ ಆಶಾ ಸೀರೆ ಉಟ್ಟೆ. ಸಿಂಚನ ನೋಡಿದಳು.

"ಡ್ಯೂಟಿಗೆ ಹೊರಟ್ಯಾ?"

"ಹೊಸನಗರಕ್ಕೆ. ನಿನ್ನ ಕರ್ಕೊಂಡು. ಹಲ್ಲಿಗಲ್ಲ."

ಯಜಮಾನರು ಅವತ್ತಿನ ಬಾಡಿಗೆ ಬಿಟ್ಟು ಆಟೋ ಅಂಗಳಕ್ಕೆ ತಂದು ನಿಲ್ಲಿಸಿದರು. ಹತ್ತು ನಿಮಿಷ ಕಳೆಯಿತು. ಸಿಂಚನ ಚಪ್ಪಲಿ ಹಾಕಿಕೊಂಡು ಬಂದು ನಮ್ಮಿಬ್ಬರ ನಡುವೆ ಕೂತಳು.

ಆಸ್ಪತ್ರೆಯ ಬೆಂಚಿನ ಮೇಲೆ ಸಾಲಿನಲ್ಲಿ ಕೂತೆವು. ಬೇರೆ ಊರಿನ ಇಬ್ಬರು ಆಶಾದವರು ದೂರದಿಂದ ಕೈ ಎತ್ತಿದರು. ಚೀಟಿ ಬರೆಯುವ ಸಿಸ್ಟರ್ ನನ್ನನ್ನು ಹನ್ನೆರಡು ವರ್ಷದಿಂದ ಬಲ್ಲವರು. "ಇವತ್ತು ಯಾರ ಮನೆ ಕೇಸು ತಂದ್ಯೆ, ನಾಗರತ್ನ?" ಎಂದರು.

"ನಮ್ಮನೇದೇ ಸಿಸ್ಟರ್. ನನ್ನ ಮಗಳು."

ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ "ವಯಸ್ಸು?" ಎಂದು ಕೇಳಿದರು. ಇಪ್ಪತ್ಮೂರು ಎಂದೆ. ಬರೆದುಕೊಂಡರು. ಅಷ್ಟೇ. ಇಷ್ಟಕ್ಕೆ ಹೆದರಿ ನಾನು ಎರಡು ತಿಂಗಳು ತೀರ್ಥಹಳ್ಳಿಗೆ ಅಲೆದಿದ್ದೆ. ಆಶಾದವರು ಆಮೇಲೆ ಹಿಂದಿನಿಂದ ಏನೋ ಮಾತಾಡಿಕೊಂಡಿರಬಹುದು. ಮಾತಾಡಿದ್ದಾರೆ, ನನ್ನ ಕಿವಿಗೂ ಬಿದ್ದಿದೆ.

ಡಾಕ್ಟರು ಪೆನ್ನಿನ ಡಬ್ಬಿಯ ಕತೆ ಕೇಳಿದರು, ಬೈಯಲಿಲ್ಲ. ಮಾತ್ರೆ ಮತ್ತೆ ಸಣ್ಣ ಡೋಸಿನಿಂದ ಶುರು ಮಾಡಿದರು. ನಾನು ಅದನ್ನು ಅದರದೇ ಡಬ್ಬದಲ್ಲಿ, ಟಿವಿ ಪಕ್ಕ ಇಟ್ಟೆ.

ಇದಾಗಿ ಐದು ತಿಂಗಳು. ಸಿಂಚನ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಕಾಲೇಜಿನವರು ಹಾಜರಿಯ ವಿಷಯದಲ್ಲಿ ಸಹಾಯ ಮಾಡಿದರು, ಪರದೆ ಕೋಣೆಯ ಮೇಡಂ ಓಡಾಡಿ ಮಾಡಿಸಿದರು ಎಂದರೆ ಸರಿ. ಶುಕ್ರವಾರ ನಾಲ್ಕು ಗಂಟೆಗೆ ಸಿಂಚನ ಈಗಲೂ ಅಲ್ಲಿ ಹೋಗಿ ಕೂರುತ್ತಾಳೆ. ಆ ಬೆಂಚಿಗೆ ಈಗ ಕಾಯುವವರಿದ್ದಾರಂತೆ. ಪರೀಕ್ಷೆಯಲ್ಲಿ ಎರಡು ಪೇಪರ್ ಬರೆದಳು, ಉಳಿದದ್ದನ್ನು ಮುಂದಿನ ಸಲಕ್ಕೆ ಬಿಟ್ಟಳು. ಕೆಲವು ದಿನ ಕೂದಲು ಗಂಟಾಗಿರುತ್ತದೆ. ನಾನು ಬಾಚಲೇ ಎಂದು ಕೇಳುತ್ತೇನೆ. ಬೇಡ ಎಂದರೆ ಬಿಡುತ್ತೇನೆ. ಗುಣವಾಯಿತು ಎಂದು ಬರೆಯುವ ಧೈರ್ಯ ನನಗಿಲ್ಲ, ಮಾತ್ರೆ ನಡೆಯುತ್ತಿದೆ ಎಂದಷ್ಟೇ ಬರೆಯಬಲ್ಲೆ. ಸುಶೀಲಕ್ಕ ಮೊನ್ನೆ ಗದ್ದೆ ಬದುವಿನಲ್ಲಿ ಸಿಕ್ಕಿ, ಮಂಗಳವಾರ ಆಟೋದಲ್ಲಿ ತನಗೂ ಜಾಗ ಇದೆಯೇ ಎಂದು ಕೇಳಿದರು. ಕಣ್ಣಿಗಾ ಎಂದು ನಾನು ಕೇಳಲಿಲ್ಲ.

ಕಳೆದ ವಾರ ಹೊಸ ಸರ್ವೆ ಪುಸ್ತಕ ಬಂತು. ಮೊದಲ ಹಾಳೆ ಎಂದಿನಂತೆ ನಮ್ಮ ಮನೆಯದು. ಭಾನುವಾರ, ಸಿಂಚನ ಮನೆಯಲ್ಲಿದ್ದಳು. ಪುಸ್ತಕ ತೆಗೆದುಕೊಂಡು ಅವಳ ಎದುರು ಚಾಪೆಯ ಮೇಲೆ ಕೂತೆ. ಬೇರೆ ಮನೆಗಳಲ್ಲಿ ಕೇಳುವಂತೆ, ಒಂದೊಂದೇ ಪ್ರಶ್ನೆ ಓದಿ ಕೇಳಿದೆ. ಮೊದಲು ನಕ್ಕಳು. ಆಮೇಲೆ ಸರಿಯಾಗಿ ಕೂತು ಉತ್ತರ ಹೇಳಿದಳು. ನಿದ್ದೆ ಕೆಟ್ಟಿದ್ದಕ್ಕೆ ಹೌದು. ಬೇಸರಕ್ಕೂ ಹೌದು.

ಕೊನೆಯದು ಬಂತು. ಅದನ್ನೂ ಓದಿದೆ. ಬದುಕು ಬೇಡ ಅನ್ನಿಸಿದೆಯೇ?

ನಾನು ಪೆನ್ನು ಕೆಳಗಿಟ್ಟು ಕಾದೆ.

"ಈ ವಾರ ಇಲ್ಲ" ಎಂದಳು.

ಫಾರಂನಲ್ಲಿ ಹೌದು, ಇಲ್ಲ ಎಂದು ಎರಡೇ ಕಲಂ ಇದೆ. ನಾನು ಎರಡನ್ನೂ ಖಾಲಿ ಬಿಟ್ಟು, ಪಕ್ಕದ ಅಂಚಿನಲ್ಲಿ ಅವಳು ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ.